ದಢಾರನೆ ಹಾಕಿದ ಬಾಗಿಲು

ಅಮ್ಮಾ,

ನೀನಿಲ್ಲದಿದ್ದರೂ ಇದನ್ನು ಮೊದಲು ನಿನಗೇ ಹೇಳಬೇಕು: ಗೆದ್ದೆ!

ಹನ್ನೆರಡು ಆಸ್ಪತ್ರೆಗಳಲ್ಲಿ ಹುಟ್ಟುವ ಪ್ರತಿ ಮಗುವಿಗೂ ಕಿವಿ ಪರೀಕ್ಷೆ ಮಾಡಿಸುವುದು ಈಗ ನನ್ನ ಕೆಲಸ. ಒಂದು ಮಗುವಿನ ಅಜ್ಜಿ ಸುತರಾಂ ಒಪ್ಪಿರಲಿಲ್ಲ. ಬಾಗಿಲನ್ನು ದಢಾರನೆ ಹಾಕಿ, "ನೋಡಮ್ಮ, ಬೆಚ್ಚಿತು! ಕಿವಿಗೇನಾಗಿದೆ?" ಎಂದಿದ್ದರು.

"ಅದು ನೆಲ ಅದುರಿದ್ದಕ್ಕೆ ಅಜ್ಜಿ. ನಮ್ಮನೇಲೂ ಹೀಗೇ ನಂಬಿಬಿಟ್ವಿ. ತಂಗಿಗೆ ಕೇಳಿಸಲ್ಲ ಅಂತ ಗೊತ್ತಾಗೋಷ್ಟರಲ್ಲಿ ಅವಳಿಗೆ ಐದು ವರ್ಷ," ಎಂದು ಪಟ್ಟು ಹಿಡಿದು ಪರೀಕ್ಷೆ ಮಾಡಿಸಿದ್ದೆ.

ಇಂದು, ಹುಟ್ಟಿದ ಮೂರೇ ತಿಂಗಳಿಗೆ, ಆ ಮಗುವಿನ ಕಿವಿಗೆ ಶ್ರವಣಯಂತ್ರ ಹಾಕಿದೆವು. ಅಜ್ಜಿ "ಚಿನ್ನಾ" ಎಂದರು. ಮಗು ಹಾಲು ಕುಡಿಯುವುದನ್ನು ನಿಲ್ಲಿಸಿ ಕಣ್ಣರಳಿಸಿತು!

ಒಂದನ್ನು ಮಾತ್ರ ಅಜ್ಜಿಗೆ ಹೇಳಲಿಲ್ಲ. ಅಂದು ತಂಗಿಗೆ ಕೇಳಿಸುತ್ತದೋ ಎಂದು ನೋಡಲು ನೀನು "ಇನ್ನೊಂದ್ಸಲ ಬಡಿಯೇ" ಎಂದಾಗ, ಮೈಯ ಬಲವನ್ನೆಲ್ಲ ಹಾಕಿ ಬಾಗಿಲು ಬಡಿದವಳು ನಾನು. ಇಂದು ಅಷ್ಟೇ ಬಲ ಹಾಕಿ ಚಪ್ಪಾಳೆ ತಟ್ಟಿದೆ.