ತೆರೆಯದ ದೂರು

೧೨ ಜೂನ್ ೨೦೨೩, ಸೋಮವಾರ. ಬೆಳಿಗ್ಗೆ ೧೦.೪೦
ನಾನು ಸೂಪರ್‌ವೈಸರ್ ಆಗಿರುವ ಲೈನಿನ ಅಟೆಂಡೆನ್ಸ್ ಮುಗಿಸಿದೆ. ಮತ್ತೆ ಅದೇ ಫೈಲ್ ಮೇಲೆ ಡಬಲ್ ಕ್ಲಿಕ್. ಮತ್ತೆ ಅದೇ ಕಸ... ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ಸಾಲು ಸಾಲು ಈಕ್ವಲ್ ಚಿಹ್ನೆ. ನವೆಂಬರಿನಲ್ಲಿ ಫ್ಯಾಕ್ಟರಿಯ ಸೇಫ್ಟಿ ವೆಬ್‌ಪೇಜಿನಲ್ಲಿ ನಾನು ಹಾಕಿದ್ದ ದೂರು ಅದರೊಳಗಿದೆ: ನಾಲ್ಕನೇ ಪ್ರೆಸ್ ಮಷಿನಿನಲ್ಲಿ ಕೈಗೆ ಅಡ್ಡವಿರುವ ಗಾರ್ಡ್ ಮುರಿದಿದೆ, ಕೈ ಸಿಕ್ಕೀತು. ಪೇಜನ್ನೇ ಸೇವ್ ಮಾಡಿಟ್ಟಿದ್ದೆ. ಏಪ್ರಿಲಿನಲ್ಲಿ ಸೈಟ್ ಬದಲಾಗಿ ಹಳೆಯದೆಲ್ಲ ಹೋಯಿತು. ಉಳಿದದ್ದು ಇದೊಂದೇ.

ಹೋದ ಮಂಗಳವಾರ ಆ ಪ್ರೆಸ್ಸಿಗೆ ನನ್ನ ಲೈನಿನ ಸಾಬಮ್ಮನ ಎರಡು ಬೆರಳು ಹೋದವು.

ಮ್ಯಾನೇಜರ್ ಸೂರ್ಯಕಾಂತ ಎಲ್ಲರ ಮುಂದೆ ಹೇಳಿದರು: "ಯಾರೂ ಕಂಪ್ಲೇಂಟ್ ಕೊಟ್ಟಿಲ್ಲರಿ. ಆಕೀನ ಕೈ ಒಳಗ ಹಾಕ್ಯಾಳ."

೨೧ಕ್ಕೆ ಕಾರ್ಮಿಕ ಇಲಾಖೆಯ ಅಧಿಕಾರಿಯಿಂದ ವಿಚಾರಣೆ. ಈಗಲೇ ಈ ಫೈಲ್ ಕೆಡಬೇಕೆ? ತಾನಾಗಿ ಕೆಟ್ಟಿತೆಂದು ನಂಬಲಾರೆ.

೧೩ ಜೂನ್. ಸಂಜೆ
ಕಂಪ್ಯೂಟರ್ ನೋಡಿಕೊಳ್ಳುವ ರೋಹಿತನನ್ನು ಕರೆದೆ. ಒಂದು ನಿಮಿಷವೂ ನೋಡಲಿಲ್ಲ.

"ಫೈಲ್ ಕರಪ್ಟ್ ಆಗೈತಿ ಮೇಡಂ. ಬಿಟ್ಬಿಡ್ರಿ."

ಯಾಕೆ ಬಿಡಬೇಕು? ಸೂರ್ಯಕಾಂತರೇ ಬೀದರದಿಂದ ಕರೆತಂದು ಕೆಲಸ ಕೊಡಿಸಿದವನು ಇವನು. ಚಹಾ ಕುಡಿದು ಬಂದರೆ ನನ್ನ ಕುರ್ಚಿಯಲ್ಲೇ ಕೂತಿದ್ದಾನೆ! ನನ್ನನ್ನು ಕಂಡವನೇ ಎದ್ದು ಹೋದ.

ಪಾಸ್‌ವರ್ಡ್ ಬದಲಿಸಿದೆ.

೧೫ ಜೂನ್
ಫೈಲಿನ ತಾರೀಖು ನೋಡಿದೆ. ಕೊನೆಯ ಬದಲಾವಣೆ ೧೪ ನವೆಂಬರ್. ಅಂದರೆ ಯಾರೂ ಮುಟ್ಟಿಲ್ಲ. ತಾರೀಖನ್ನೂ ತಿದ್ದಬಹುದಂತೆ... ರೋಹಿತನಿಗೆ ಅದೇನು ಕಷ್ಟ? ಪೆನ್‌ಡ್ರೈವಿಗೆ ಕಾಪಿ ಮಾಡಿ ಟಿಫಿನ್ ಚೀಲದ ತಳಕ್ಕೆ ಹಾಕಿಕೊಂಡೆ. ಗೇಟಿನಲ್ಲಿ ಚೀಲವನ್ನು ಅವಚಿಕೊಂಡು ಬೇಗ ಬೇಗ ದಾಟಿದೆ—ಕಳ್ಳಿ ನಾನೇ ಎಂಬಂತೆ.

೧೮ ಜೂನ್, ಭಾನುವಾರ
ಅಮೀರ್‌ಪೇಟ್. ನಮ್ಮ ಕೆಳಮನೆಯ ಲಹರಿ ಕಂಪ್ಯೂಟರ್ ಪಾಠ ಹೇಳುವ ಇನ್‌ಸ್ಟಿಟ್ಯೂಟ್. ಆಕೆ ನಕ್ಕಳು.

"ಅಕ್ಕಾ, ಫೈಲಿಗೆ ಏನೂ ಆಗಿಲ್ಲ. ಹಳೇ ಬ್ರೌಸರ್ ಬಂದ್ ಆಗೈತಿ. ಅದಕ್ಕ ನಿಮ್ಮ ಕಂಪ್ಯೂಟರ್ ಇದನ್ನ ನೋಟ್‌ಪ್ಯಾಡಿನ್ಯಾಗ ತೆಗಿಯಾಕತ್ತೈತಿ."

ರೈಟ್ ಕ್ಲಿಕ್. ಓಪನ್ ವಿತ್. ಹೊಸ ಬ್ರೌಸರ್. ಅಷ್ಟೇ! ನನ್ನ ದೂರು, ತಾರೀಖು, ಮುರಿದ ಗಾರ್ಡಿನ ಫೋಟೋ—ಎಲ್ಲ ಇತ್ತು. ಖುಷಿಗೆ ಲಹರಿಯ ಕೈ ಹಿಡಿದೆ. ಅವಳು ಪೇಜನ್ನು ಕೆಳಗೆ ಸರಿಸಿದಳು.

ಸೂರ್ಯಕಾಂತರ ಉತ್ತರ: ಗಾರ್ಡ್ ಬರಲು ಹತ್ತು ದಿನ. ಆರ್ಡರ್ ಅರ್ಜೆಂಟ್. ಅಲ್ಲಿಯವರೆಗೆ ಹಾಗೇ ನಡೆಸಬಹುದೇ?

ಅದರ ಕೆಳಗೆ: ನಡೆಸಬಹುದು. ಸುವರ್ಣಾ.

ನನ್ನ ಹೆಸರು. ಹೇಗೆ ಮರೆತೆ? ಹತ್ತು ದಿನ ಏಳು ತಿಂಗಳಾಯಿತು. ಗಾರ್ಡ್ ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಲಹರಿ ಮೆಲ್ಲಗೆ ಕೇಳಿದಳು: "ಮ್ಯಾಲಿನ ಭಾಗ ಅಷ್ಟ ಪ್ರಿಂಟ್ ತಗೀಲೇನಕ್ಕಾ?"

ಪೆನ್‌ಡ್ರೈವ್ ಕಿತ್ತು ಚೀಲಕ್ಕೆ ಹಾಕಿಕೊಂಡೆ.

೧೯ ಜೂನ್
ರೋಹಿತ ತಾನೇ ಬಂದ. "ಮೇಡಂ, ತಪ್ಪು ಹೇಳಿದ್ದೆ. ಬ್ಯಾರೆ ಬ್ರೌಸರಿನ್ಯಾಗ ತೆಗೆದ್ರ ಬರ್ತೈತಿ. ಅವತ್ತ ನಿಮ್ಮ ಕುರ್ಚಿ ಮ್ಯಾಲ ಕುಂತು ಮತ್ತೊಮ್ಮೆ ನೋಡಾಕತ್ತಿದ್ದೆ, ನೀವು ಸಿಟ್ಟಿಲೆ ನೋಡಿದ್ರಿ... ತೆರೀತೇನ್ರಿ?"

"ಇಲ್ಲ" ಎಂದೆ.

ನಂಬಲಿಲ್ಲ ಅನಿಸುತ್ತದೆ. ಈಗ ಅವನು ನನ್ನನ್ನು ನೋಡುವ ರೀತಿ...

೨೦ ಜೂನ್
ಸನತ್‌ನಗರದ ಸಾಬಮ್ಮನ ಕೋಣೆಗೆ ಹೋದೆ. ಸಾಬಮ್ಮ ಎಡಗೈಯಲ್ಲೇ ನೀರು ಕೊಟ್ಟಳು.

"ನಿಮ್ಮ ಹಂತ್ಯಾಕ ಕಾಗದ ಐತಂತಲ್ಲರಿ ಅಕ್ಕಾರ. ನನ್ನ ತಪ್ಪಲ್ಲ ಅಂತ ಅದರಾಗ ಬರದೈತಿಲ್ಲೋ?"

"ಬರದೈತಿ."

ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿದೆ. ಕೆಳಗಿನ ಎರಡು ಸಾಲಿನ ಮಾತು ಎತ್ತದೆಯೇ ಹೊರಟೆ.

೨೧ ಜೂನ್. ಮಧ್ಯಾಹ್ನ ೨
ಅಧಿಕಾರಿಯ ಮುಂದೆ ದೊಡ್ಡ ಪರದೆಯ ಮೇಲೆ ನಾನೇ ತೆರೆದೆ. ದೂರು ಓದಿದೆ. ಸೂರ್ಯಕಾಂತರು ಕರವಸ್ತ್ರ ತೆಗೆದರು.

ಅಧಿಕಾರಿ ಕೇಳಿದರು: "ಇಷ್ಟೇನಾ?"

ಕೈ ಮೌಸಿನ ಮೇಲೆಯೇ ಇತ್ತು. ಹೌದು ಎಂದರೆ ಮುಗಿಯುತ್ತಿತ್ತು. ಕೆಳಗೆ ಸರಿಸಿದೆ. ಸೂರ್ಯಕಾಂತರ ಸಾಲು ಓದಿದೆ. ನನ್ನದೂ ಓದಿದೆ—ಹೆಸರಿನ ಸಮೇತ.

ಸಾಬಮ್ಮನ ತಪ್ಪಿಲ್ಲವೆಂದು ಅಲ್ಲೇ ಬರೆಸಿದರು. ಮ್ಯಾನೇಜರಿಗೂ ನನಗೂ ನೋಟಿಸ್. ಆಗಲಿ.

ಹೊರಗೆ ಬಾಗಿಲ ಬಳಿ ಎಲ್ಲ ಕೇಳಿಸಿಕೊಂಡು ಸಾಬಮ್ಮ ಕಾದಿದ್ದಳು. ಬೈಯಲಿಲ್ಲ. ಬ್ಯಾಂಡೇಜಿನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಕೇಳಿದಳು:

"ಅವತ್ತ ಆ ಮಷಿನಿಗೆ ನನ್ನ ಹಚ್ಚಿದಾಕಿ ನೀವ ಅಲ್ರೇನು ಅಕ್ಕಾರ?"

"ಹೌದು, ನಾನ ಹಚ್ಚಿದ್ದೆ" ಎಂದೆ.