ಹದಿನೇಳನೆಯ ಹೆಸರು

ಕಂಪಲಾಪುರ
೧೬ ಜುಲೈ ೨೦೦೫, ಶನಿವಾರ

ಪ್ರೀತಿಯ ಚಂದಣ್ಣ,

ನಿನ್ನ ಮಂಡಿನೋವು ಹೇಗಿದೆ? ಲಾರಿಗಳ ಕೆಳಗೆ ತಣ್ಣನೆಯ ನೆಲದ ಮೇಲೆ ಮಲಗಿ ಕೆಲಸ ಮಾಡಬೇಡವೆಂದರೆ ನೀನು ಕೇಳುವವನಲ್ಲ. ಅಮ್ಮ ಚೆನ್ನಾಗಿದ್ದಾಳೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಅದರ ಹಿಂದೆಯೇ ಬೆಲ್ಲದ ಕಾಫಿ ಕುಡಿಯುತ್ತಾಳೆ, ಬೈದರೆ, "ಮತ್ತೆ ಮಾತ್ರೆ ಇರೋದು ಯಾತಕ್ಕೆ?" ಅನ್ನುತ್ತಾಳೆ. ಹೊಗೆಸೊಪ್ಪಿಗೆ ಬೇಕಾದಷ್ಟು ಮಳೆ ಆಗಿದೆ. ಇದನ್ನೆಲ್ಲ ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಆ ಹೆಲಿಕಾಪ್ಟರಿನ ಮಾತು ಎತ್ತಿದೊಡನೆ ನೀನು ಫೋನ್ ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಕೊನೆಯವರೆಗೆ ಓದು, ನಿನ್ನ ಕಾಲಿಗೆ ಬೀಳುತ್ತೇನೆ.

ಬಿಳಿಕೆರೆ ಹತ್ತಿರದ ನಮ್ಮ ಕಾಲೇಜಿನಲ್ಲಿ ಏರೋಸ್ಪೇಸ್ ಎಂಬಿಎ ಶುರುವಾಗುತ್ತದೆ ಎಂದಿದ್ದೆನಲ್ಲ, ಮೊದಲ ತರಗತಿ ಈ ಸೋಮವಾರ ಸೇರಿತು. ವಿಮಾನ ಕಟ್ಟುವವರು, ಹಾರಿಸುವವರು, ರಿಪೇರಿ ಮಾಡುವವರು ಒಂದೇ ಕಡೆ ಕೂತು ಆ ಉದ್ಯಮ ನಡೆಸುವುದನ್ನು ಕಲಿಯುವ ಕೋರ್ಸು. ಇಪ್ಪತ್ತಮೂರು ಜನ. ಕಚೇರಿ ನೋಡಿಕೊಳ್ಳುವವಳು ನಾನೇ ಆದ್ದರಿಂದ ಅವರನ್ನು ಬರಮಾಡಿಕೊಳ್ಳುವ ಕೆಲಸವೂ ನನ್ನದೇ. ಅದರ ಹಿಂದಿನ ಗುರುವಾರ ಪಟ್ಟಿ ಟೈಪ್ ಮಾಡುತ್ತಾ ಹದಿನೇಳನೆಯ ಹೆಸರಿಗೆ ಬಂದಾಗ ಕೈ ನಿಂತುಹೋಯಿತು. ರೂಪಶ್ರೀ ವಸಂತ್, ಕೆ.ಆರ್. ನಗರ. ಗಂಡ, ದಿವಂಗತ ಕ್ಯಾಪ್ಟನ್ ವಸಂತ್, ಹೆಲಿಕಾಪ್ಟರ್ ಪೈಲಟ್.

ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳದ ಹೆಸರು. ನೀನು ನೋಡಿಕೊಳ್ಳುತ್ತಿದ್ದ ಹೆಲಿಕಾಪ್ಟರ್ ಬಿದ್ದು ಅವರು ತೀರಿಕೊಂಡಾಗ ಕಂಪನಿಯವರು ಮೆಕ್ಯಾನಿಕ್ಕಿನ ಅಜಾಗರೂಕತೆ ಎಂದು ಬರೆದು ಕೈ ತೊಳೆದುಕೊಂಡರು. ಬೇರಿಂಗು ಸವೆದಿದೆ, ಹಾರಿಸಬೇಡಿ ಎಂದು ಬರೆದುಕೊಟ್ಟಿದ್ದೆ ಎಂದು ನೀನು ಬಡಿದುಕೊಂಡೆ. ಆದರೆ ಆ ಹಾಳೆಯೇ ಹೆಲಿಕಾಪ್ಟರಿನ ದಾಖಲೆ ಪುಸ್ತಕದಲ್ಲಿರಲಿಲ್ಲ. ಅಮ್ಮ ನಿನ್ನನ್ನು ನಂಬಿದಳು. ನಾನು, ಇವತ್ತು ನಿಜ ಬರೆಯುತ್ತೇನೆ ಅಣ್ಣ, ಪೂರ್ತಿ ನಂಬಿರಲಿಲ್ಲ.

ಸೋಮವಾರ ರಜೆ ಹಾಕೋಣವೆಂದುಕೊಂಡೆ. ಅಮ್ಮ ಬಿಡಲಿಲ್ಲ. "ಬರೋರ್ನ ಬಾಗ್ಲಲ್ಲಿ ನಿಂತು ಕರ್ಯೋದು ನಿನ್ ಕೆಲ್ಸ ತಾನೆ? ಕದ್ದೋರಂಗೆ ಯಾಕವ್ವಾ ಅವಿತ್ಕತೀಯ? ಓಗು" ಎಂದಳು. ಹೋದೆ. ಬೈಲುಕುಪ್ಪೆಯ ಟಿಬೆಟಿಯನ್ ಹುಡುಗಿಯೊಬ್ಬಳು ಮೊದಲು ಬಂದಳು. ದೆಹಲಿಯಲ್ಲಿ ವಿಮಾನದ ಸರಕು ಸಾಗಣೆ ನೋಡಿಕೊಳ್ಳುತ್ತಿದ್ದವಳು, ನಮಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ. ಆಮೇಲೆ ಕೊಲಂಬೊದ ವಿಮಾನ ನಿಲ್ದಾಣದವರೊಬ್ಬರು, ವಾಯುಪಡೆಯಿಂದ ನಿವೃತ್ತರಾದ ವಿರಾಜಪೇಟೆಯವರೊಬ್ಬರು, ಪ್ರವಾಸಿಗರಿಗಾಗಿ ಸಣ್ಣ ವಿಮಾನಗಳನ್ನು ಓಡಿಸುವ ಕೀನ್ಯಾದವರೊಬ್ಬರು. ಈ ಕೀನ್ಯಾದವರು ಮಧ್ಯಾಹ್ನ ಮುದ್ದೆ ನೋಡಿ ತಮ್ಮೂರಿನ ಊಟವೇ ಸಿಕ್ಕಿತೆಂದು ಎರಡು ಹಾಕಿಸಿಕೊಂಡರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಒಬ್ಬೊಬ್ಬರಿಗೂ ಗುಲಾಬಿ ಕೊಡುತ್ತಿದ್ದೆ, ಕಣ್ಣೆಲ್ಲ ಗೇಟಿನ ಕಡೆಗೆ. ಹತ್ತೂವರೆಗೆ ಹುಣಸೂರಿನ ಬಸ್ಸಿನಿಂದ ರೂಪಶ್ರೀ ಇಳಿದರು. ಹತ್ತಿ ಸೀರೆ, ನರೆತ ಮುಂದಲೆ. ಹೂ ತೆಗೆದುಕೊಂಡು "ನಿಮ್ ಕೈ ಯಾಕ್ರೀ ಇಷ್ಟು ತಣ್ಣಗಿದೆ?" ಎಂದು ಕೇಳಿದರು. ನಾನು ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಗುರುತು ಹಾಕಿದೆ.

ಸಭೆಯಲ್ಲಿ ನಿರ್ದೇಶಕರು ಪ್ರತಿಯೊಬ್ಬರನ್ನೂ ಏಕೆ ಬಂದಿರಿ ಎಂದು ಕೇಳಿದರು. ರೂಪಶ್ರೀಯವರ ಸರದಿ ಬಂದಾಗ ನಾನು ಹೊರಗೆ ಹೋಗಲೆಂದು ಎದ್ದೆ, ಆದರೆ ಬಾಗಿಲು ದಾಟಲಾಗಲಿಲ್ಲ. ಅವರು ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು. ಗಂಡ ಕೊನೆಯದಾಗಿ ಉಳಿದುಕೊಂಡಿದ್ದ ಲಾಡ್ಜಿನವರು ಹೋದ ವರ್ಷ ಅವರ ಬ್ಯಾಗು ಕಳಿಸಿದರಂತೆ. ಅದರೊಳಗೆ ಒಂದು ಕಾರ್ಬನ್ ಪ್ರತಿ. ಬೇರಿಂಗು ಬದಲಾಯಿಸುವವರೆಗೆ ಹಾರಿಸಕೂಡದು ಎಂಬ ಸಾಲು, ಕೆಳಗೆ ಮೆಕ್ಯಾನಿಕ್ಕಿನ ಸಹಿ. ನೀನು ಕ್ಯಾಪ್ಟನ್ ಕೈಗೇ ಕೊಟ್ಟಿದ್ದ ಪ್ರತಿ ಅಣ್ಣ, ಹೆಲಿಕಾಪ್ಟರಿನ ಜೊತೆ ಸುಟ್ಟೇಹೋಯಿತೆಂದು ನೀನು ಅತ್ತಿದ್ದೆಯಲ್ಲ, ಅದೇ. ಅಪಾಯ ಗೊತ್ತಿದ್ದೂ ಗಂಡ ಹಾರಿದರಂತೆ, ಕಂಪನಿಯ ಮೇಲಿನವರಿಗೆ ಆಗುವುದಿಲ್ಲ ಎನ್ನಲು ಅವರಿಂದ ಆಗಲಿಲ್ಲವಂತೆ. ಹಾರಬಾರದೆಂದು ತೀರ್ಮಾನಿಸುವ ಕುರ್ಚಿಯಲ್ಲಿ ಕೂರಲು ನಾನು ಬಂದಿದ್ದೇನೆ ಎಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಕೀನ್ಯಾದವರು ತಲೆ ತಗ್ಗಿಸಿ ಕೂತಿದ್ದರು.

ಊಟವಾದ ಮೇಲೆ ಕೈ ತೊಳೆಯುವ ಕಡೆ ಅವರನ್ನು ಹಿಡಿದು ನಿಲ್ಲಿಸಿದೆ. "ಆ ಸಹಿ ನನ್ನ ಅಣ್ಣನದು" ಎಂದಷ್ಟೇ ಹೇಳಿದೆ. ಅವರು ನೀರು ಹರಿಯಲು ಬಿಟ್ಟು ನನ್ನ ಕಡೆ ತಿರುಗಿದರು. ಹೊಡೆಯುತ್ತಾರೇನೋ ಎನಿಸಿತು. "ಒಂದು ವರ್ಷದಿಂದ ಅವ್ರನ್ನ ಉಡುಕ್ತಾ ಇದೀನಿ ಕಣ್ರೀ. ಕಂಪನಿಯೋರು ಅಡ್ರೆಸ್ಸೇ ಗೊತ್ತಿಲ್ಲ ಅಂದ್ಬುಟ್ರು. ಬದುಕಿದಾರಾ?" ಎಂದು ಕೇಳಿದರು. ಬದುಕಿದ್ದಾನೆ ಎನ್ನುವಾಗ ನನಗೆ ಅಳು ತಡೆಯಲಾಗಲಿಲ್ಲ. ಅವರು ಮತ್ತೆ ತನಿಖೆ ಆಗಬೇಕೆಂದು ಕೋರ್ಟಿಗೆ ಹೋಗಿದ್ದಾರೆ. ಬರೆದವನೇ ಬಂದು ಇದು ನನ್ನ ಅಕ್ಷರ ಎನ್ನದಿದ್ದರೆ ಆ ಹಾಳೆ ನಿಲ್ಲುವುದಿಲ್ಲವೆಂದು ವಕೀಲರು ಹೇಳಿದ್ದಾರೆ. ಆಗಸ್ಟ್ ಒಂಬತ್ತಕ್ಕೆ ಮುಂದಿನ ದಿನಾಂಕ. ವಿಳಾಸ ಕೇಳಿದರು. ನಿನ್ನನ್ನು ಕೇಳಿ ಹೇಳುತ್ತೇನೆ ಎಂದೆ.

ನಿನಗೆ ಭಯವಾಗುತ್ತದೆಂದು ಗೊತ್ತು. ಪೊಲೀಸರು, ಪೇಪರಿನವರು, ಊರಿನವರ ಮಾತು, ಎಲ್ಲವನ್ನೂ ಒಮ್ಮೆ ಅನುಭವಿಸಿದವನು ನೀನು. ಬಾ ಎಂದು ಬಲವಂತ ಮಾಡುವ ಯೋಗ್ಯತೆ ನನಗಿಲ್ಲ. ನಿನ್ನನ್ನು ಅನುಮಾನಿಸಿದವಳು ನಾನು. ಅದಕ್ಕೆ ಕ್ಷಮಿಸು ಎಂದು ಕೇಳುವುದಕ್ಕೂ ಈ ಕಾಗದ. ಅಮ್ಮ ನಿನ್ನ ತಲೆ ಸವರಿದೆ ಎಂದು ಬರೆಯಲು ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಪ್ರಮೀಳಾ

ಮರೆತದ್ದು: ಪಕ್ಕದ ಮನೆಯ ಸಣ್ಣಯ್ಯ ಪಿರಿಯಾಪಟ್ಟಣದ ಅಂಚೆಗೆ ಹಾಕಲು ಸ್ಕೂಟರ್ ಹತ್ತಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನನ್ನು ಕೇಳಿ ಹೇಳುತ್ತೇನೆ ಎಂದೆನೆಂದು ಮೇಲೆ ಬರೆದದ್ದು ಸುಳ್ಳು. ಅಲ್ಲಿಯೇ, ಒದ್ದೆ ಕೈಯಲ್ಲೇ ವಿಳಾಸ ಬರೆದುಕೊಟ್ಟೆ. ಬರುವ ಶುಕ್ರವಾರ ಸಂಜೆ ಅವರು ರೈಲು ಹತ್ತುತ್ತಾರೆ, ಶನಿವಾರ ಬೆಳಿಗ್ಗೆ ಹೊಸಪೇಟೆಯ ನಿನ್ನ ಗ್ಯಾರೇಜಿನ ಮುಂದೆ ಇರುತ್ತಾರೆ. ನಾನೂ ಜೊತೆಗಿರುತ್ತೇನೆ. ಊರು ಬಿಟ್ಟು ಹೋಗಬೇಡ ಅಣ್ಣ.