ತಾತನ ಕೈಗೆ ಸಿಕ್ಕ ಹಸಿರು ಬಕೆಟ್ಟು

ಮನೆ, ಅಡುಗೆಮನೆಯ ಮೇಜು
ಮಾರ್ಚ್ 12, ಮಂಗಳವಾರ

ಮುದ್ದು ಪುಟ್ಟೀ,

ಹೇಗಿದ್ದೀಯಾ? ಹಾಸ್ಟೆಲಿನ ಊಟ ಒಗ್ಗಿತೇ, ಕೆಮ್ಮು ಹೋಯಿತೇ? ನಾನು ಗಟ್ಟಿಯಾಗಿದ್ದೇನೆ, ನಿನ್ನ ಅಮ್ಮನೂ ಚೆನ್ನಾಗಿದ್ದಾಳೆ. ನಿನ್ನ ತಾತನ ವಿಷಯ ಮಾತ್ರ ಒಂದು ಸಾಲಿನಲ್ಲಿ ಮುಗಿಯುವುದಲ್ಲ, ಕೂತು ಓದು.

ನರ್ಸಿಂಗ್ ಓದಲು ಹೊರಡುವಾಗ ನೀನು ಹಸಿರು ಬಕೆಟ್ಟೊಂದನ್ನು ಇಟ್ಟು, ಉಳಿದ ಊಟ, ಸಿಪ್ಪೆ, ದಂಟು ಎಲ್ಲ ಇದಕ್ಕೇ ಬೀಳಲಿ, ದಿನಾ ತೂಗಿ ನೋಡಿ ಕಡಿಮೆ ಮಾಡಿ ಅಂದೆಯಲ್ಲ. ಮೂವತ್ತನಾಲ್ಕು ವರ್ಷ ತೂಕದ ಕಟ್ಟೆಯಲ್ಲಿ ಕೂತು ಲಾರಿ ತೂಗಿದ ಮನುಷ್ಯನ ಕೈಗೆ ತಕ್ಕಡಿ ಕೊಟ್ಟು ಹೋದೆ. ಮೊದಲೇ ಮಂಗ, ಮೇಲೆ ಹೆಂಡ ಕುಡಿಸಿದ ಹಾಗಾಯಿತು. ಮೊದಮೊದಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಅಕ್ಕಿ ಅಳೆದು ಹಾಕಿದೆವು, ಒಣಗಿದ ಬ್ರೆಡ್ಡನ್ನು ಪುಡಿ ಮಾಡಿಟ್ಟೆವು, ಚಹಾದ ಚರಟ ಗುಲಾಬಿ ಕುಂಡಕ್ಕೆ ಹೋಯಿತು. ಎರಡು ಕಿಲೋ ಇದ್ದದ್ದು ಮುನ್ನೂರು ಗ್ರಾಮಿಗೆ ಇಳಿಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಇವರಿಗೆ ಸೊನ್ನೆಯೇ ಬೇಕು. ಕುಂಡಗಳೆಲ್ಲ ತುಂಬಿದ ಮೇಲೆ ಸಂಜೆ ಆರಕ್ಕೆ ವಿಚಾರಣೆ ಶುರುವಾಯಿತು: ಈ ಹೂಕೋಸಿನ ದಂಟು ಯಾರದು, ಈ ಅರ್ಧ ರೊಟ್ಟಿ ಬಿಟ್ಟವರು ಯಾರು? ನಿನ್ನ ಅಮ್ಮ ಈಗ ಸೇಬನ್ನು ಆಫೀಸಿನಲ್ಲೇ ತಿಂದು ಬರುತ್ತಾಳೆ. ನಾನು ಮೊಟ್ಟೆಯ ಸಿಪ್ಪೆಯನ್ನು ಕೈಚೀಲದಲ್ಲಿ ಬಚ್ಚಿಟ್ಟು ಗ್ರಂಥಾಲಯದ ಬುಟ್ಟಿಗೆ ಹಾಕಿ ಬಂದೆ. ಈ ವಯಸ್ಸಿನಲ್ಲಿ ಕಳ್ಳತನ ಕಲಿತೆ ನೋಡು.

ಇವರ ಉಪಾಯ ಇನ್ನೂ ಸುಲಭದ್ದು. ಎಲ್ಲರ ತಟ್ಟೆಯಲ್ಲಿ ಉಳಿದದ್ದನ್ನೂ, ಫ್ರಿಜ್ಜಿನ ಮೂಲೆಯ ಸಿಹಿಯನ್ನೂ, ಬೇಯಿಸಿದ ಕಲ್ಲಂಗಡಿ ಸಿಪ್ಪೆಯನ್ನೂ ತಾವೇ ತಿಂದು ಮುಗಿಸುತ್ತಾರೆ. ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ, ಇವರು ಬಲ್ಲದ್ದು ಬರೀ ಉಳಿದದ್ದು. ಶನಿವಾರ ಡಾಕ್ಟರು ನೋಡಿದರೆ ಇವರ ತೂಕ ನಾಲ್ಕು ಕಿಲೋ ಏರಿದೆ, ಸಕ್ಕರೆಯೂ ಏರಿದೆ. ಏನು ತಿಂತೀರಿ ಅಂತ ಕೇಳಿದ್ದಕ್ಕೆ, "ಬೇರೆಯವರು ಬಿಟ್ಟದ್ದು" ಅಂದರು. ಹೀಗೇ ಹೋದರೆ ದಿನಾ ಸೂಜಿ ಚುಚ್ಚಿಕೊಳ್ಳಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ನನಗೆ ನಿಜಕ್ಕೂ ಭಯವಾಗಿದೆ, ಪುಟ್ಟೀ. ನಾವು ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾರೆ. ನೀನೇ ಒಂದು ಮಾತು ಬರೆ.

ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಸುಖವಾಗಿ ಬಾಳು.

ನಿನ್ನ
ಅಜ್ಜಿ

ಮರೆತಿದ್ದೆ: ಇವರು ವಾಕಿಂಗಿನಿಂದ ಬರುವ ಮೊದಲೇ ಬರೆದುಬಿಡುತ್ತೇನೆ. ಇಷ್ಟು ಹಠ ಯಾಕೆ ಎಂದು ನಿನ್ನೆ ಗದರಿಸಿ ಕೇಳಿದೆ. "ಒಂದು ವಾರ ಪೂರ್ತಿ ಸೊನ್ನೆ ಬಂದ್ರೆ ನೋಡೋಕೆ ಓಡಿ ಬರ್ತೀನಿ ಅಂದಿದಾಳೆ ಪುಟ್ಟಿ. ಆಗಲೇ ಐದು ದಿನ ಆಯ್ತು," ಅಂದರು. ಬಸ್ಸು ಹತ್ತುವಾಗ ನೀನು ತಮಾಷೆಗೆ ಅಂದಿರಬೇಕು. ಇವತ್ತು ಬೆಳಿಗ್ಗೆ ಅರ್ಧ ಕಲ್ಲಂಗಡಿಯ ಸಿಪ್ಪೆಯನ್ನು ನಾನೇ ಬೇಕಂತಲೇ ಬಕೆಟ್ಟಿಗೆ ಹಾಕಿ, ಮೇಲೆ ಪಾತ್ರೆ ತೊಳೆಯುವ ಸೋಪಿನ ನೀರು ಸುರಿದಿದ್ದೇನೆ. ಸಂಜೆ ಮನೆಯಲ್ಲಿ ಏನಾಗುತ್ತದೋ ಗೊತ್ತಿಲ್ಲ. ಸೊನ್ನೆ ಬರದಿದ್ದರೂ ನೀನು ಬಾ.